ಸೊಪ್ಪಿನ ಕಟ್ಟೆಯ ಮಾತು

ಕಾರ್ತಿಕ ಮುಗಿಯುತ್ತ ಬಂದಿತ್ತು. ರಾಗಿ ತೆನೆ ಬಾಗಿ ಕೊಯ್ಲಿಗೆ ಕಾದಿದ್ದರೂ ರೇವಮ್ಮನ ಮನೆಯ ಕುಡುಗೋಲು ಹೊಲದ ಕಡೆ ತಿರುಗಿರಲಿಲ್ಲ. ರೇಷ್ಮೆಹುಳು ಕೊನೆಯ ಸಲ ಪೊರೆ ಕಳಚಿ, ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಇಂಥ ಹೊತ್ತಿನಲ್ಲಿ ಅವುಗಳ ಹೊಟ್ಟೆಗೆ ಸೊಪ್ಪು ಹಾಕುವುದೊಂದೇ ಕೆಲಸ, ಮಿಕ್ಕಿದ್ದೆಲ್ಲ ಆಮೇಲೆ. ಹಿಪ್ಪುನೇರಳೆ ತೋಟದಲ್ಲಿ ಮಂಜು ಇನ್ನೂ ಎಲೆಯ ಮೇಲೆ ಕೂತಿತ್ತು. ಒದ್ದೆ ಸೊಪ್ಪು ತಿಂದ ಹುಳು ಸಪ್ಪೆ ರೋಗಕ್ಕೆ ಬೀಳುತ್ತದೆಂದು ರೇವಮ್ಮ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಿಸಿಲು ಏರುವುದನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಅಕ್ಕನ ಮಗಳು ವನಮಾಲ. ಭಾನುವಾರದ ರಜೆಗೆಂದು ಹಿಂದಿನ ಸಂಜೆ ಬೆಂಗಳೂರಿನಿಂದ ಬಂದಿದ್ದಳು.

"ಮಂಜು ಆರೋಗಂಟ ಕುಡ್ಲು ಮುಟ್ಬೇಡ. ಪಟ್ಟಣದೋರಿಗೆ ಅವಸರ ಜಾಸ್ತಿ."

"ನಾನ್ಯಾವ ಪಟ್ಟಣದೋಳು ಚಿಕ್ಕವ್ವ? ಇದೇ ಬದಿನ ಮೇಲೆ ಬೆಳ್ದೋಳು."

"ಬೆಳ್ದಿದ್ದು ಇಲ್ಲಿ. ಕೊಬ್ಬಿದ್ದು ಅಲ್ಲಿ."

ದಾರಿಯಲ್ಲಿ ಹೋಗುತ್ತಿದ್ದ ಮರಿಲಿಂಗಣ್ಣ ಸದ್ದಿಲ್ಲದ ತನ್ನ ಬ್ಯಾಟರಿ ಗಾಡಿಯನ್ನು ನಿಲ್ಲಿಸಿ ಕಾಲು ಊರಿದ. ಅವನದೂ ಹುಳು ಸಾಕುವ ಮನೆಯೇ, ಆದರೆ ಒಂದು ಜ್ವರ ಹಿಂದೆ.

"ಹುಳ ಹೆಂಗವೆ ರೇವಕ್ಕ?"

"ಏನೋ ಅವೆ ಕಣಪ್ಪ. ಈ ಸಲ ಯಾಕೋ ಕೈಗೆ ಹತ್ತೋ ಹಂಗೆ ಕಾಣಾಕಿಲ್ಲ. ನಿನ್ನವು?"

"ನನ್ನವ ಬುಡಕ್ಕ, ಕೇಳ್ಬೇಡ. ತಿಪ್ಪೆಗೆ ಹಾಕೋದೊಂದು ಬಾಕಿ."

ಇಬ್ಬರ ಮುಖದಲ್ಲೂ ತೃಪ್ತಿ ಇತ್ತು. ಅವನು ಹೋದ ಮೇಲೆ ವನಮಾಲ ಹುಳುಮನೆಯ ಬಲೆಬಾಗಿಲು ಸರಿಸಿ ಒಳಗೆ ಇಣುಕಿದಳು. ಒಳಗಿನ ಬಿಸಿ, ತೇವ ಎಲ್ಲವನ್ನೂ ಗೋಡೆಯ ಮೇಲಿನ ಅಂಗೈಯಗಲದ ಬಿಲ್ಲೆ ನೋಡಿಕೊಳ್ಳುವ ಕಾಲ ಬಂದಿತ್ತು. ಮೊದಲಿನ ಹಾಗೆ ಕೆಂಡದ ಮಡಕೆ ಇಡಬೇಕಾಗಿರಲಿಲ್ಲ. ಆದರೆ ತಟ್ಟೆಗಳ ಸಾಲು ಅದೇ, ಸೊಪ್ಪಿನ ಹಸಿ ವಾಸನೆ ಅದೇ. ಹುಳುಗಳು ಕಿರುಬೆರಳಿನಷ್ಟಾಗಿ, ಒಂದರ ಮೇಲೊಂದು ಕತ್ತು ಎತ್ತಿದ್ದವು. ಬಾಯಿಗೆ ಬಂದ ಮಾತನ್ನು ವನಮಾಲ ನುಂಗಿದಳು. ಚಿಕ್ಕವಳಿದ್ದಾಗ ಒಮ್ಮೆ ಇದೇ ಬಾಗಿಲಲ್ಲಿ "ಎಷ್ಟು ದಪ್ಪಗವೆ" ಎಂದದ್ದಕ್ಕೆ ರೇವಮ್ಮ ಅವಳ ರಟ್ಟೆ ಹಿಡಿದು ಹೊರಗೆ ಎಳೆದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಹುಳುವನ್ನು ಹೊಗಳಬಾರದು, ಗೂಡು ಮಾರಿ ದುಡ್ಡು ಸೊಂಟಕ್ಕೆ ಬಂದ ಮೇಲೂ ಹೊಗಳಬಾರದು. ಆ ಸೀಮೆಯಲ್ಲಿ ಯಾರೂ ಇದನ್ನು ಯಾರಿಗೂ ಕಲಿಸುವುದಿಲ್ಲ. ಎಲ್ಲರಿಗೂ ಬರುತ್ತದೆ.

ಸೊಪ್ಪು ಕೊಯ್ಯುತ್ತ ರೇವಮ್ಮ ಫೋನನ್ನು ಸೆರಗಿನ ತುದಿಗೆ ಕಟ್ಟಿ ಹೆಗಲ ಮೇಲೆ ಹಾಕಿಕೊಂಡಳು. ಅದರೊಳಗಿಂದ ಹೆಂಗಸೊಬ್ಬಳು ಯಾರದೋ ಹೊಸ ಸೊಸೆಯ ಸುದ್ದಿ ಹೇಳುತ್ತಿದ್ದಳು. ಇನ್ನೊಂದು ದನಿ ನಡುವೆ ಬಾಯಿ ಹಾಕಿತು, ಮತ್ತೊಂದು ನಕ್ಕಿತು. ಅದು ಸೊಪ್ಪಿನ ಕಟ್ಟೆ. ವನಮಾಲ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪಕ್ಕದೂರಿನ ಹೊನ್ನಗಂಗಮ್ಮ ಕಟ್ಟಿದ ಗುಂಪು. ಸುತ್ತಲ ಊರುಗಳ ಹುಳು ಸಾಕುವವರು, ನೂಲು ಬಿಚ್ಚುವವರು ಕೆಲವರು, ಎಲ್ಲ ಸೇರಿ ಮಾತಾಡುವ ಜಾಗ. ಕೈ ಎರಡೂ ಸೊಪ್ಪಿನಲ್ಲಿರುವಾಗ ಬಾಯಿ ಬಿಡುವಾಗಿರುತ್ತದಲ್ಲ, ಆದ್ದರಿಂದ ಅಲ್ಲಿ ಬರೆಯುವುದಿಲ್ಲ, ಮಾತೇ. ಹೊಸಬರು ಬರಬೇಕಾದರೆ ಒಳಗಿನವರೊಬ್ಬರು ತಮ್ಮ ದನಿಯಲ್ಲಿ "ಇವಳು ನಮ್ಮೋಳು" ಎಂದು ಹೇಳಿ ಕರೆತರಬೇಕು. ಎಂಟು ತಿಂಗಳ ಹಿಂದೆ ವನಮಾಲಳನ್ನು ಹಾಗೆ ಕರೆತಂದವಳು ರೇವಮ್ಮ.

"ಹಳೇ ದನಿಗಳನ್ನ ಕೇಳ್ಬೇಕು ಅನ್ನಿಸ್ತದೆ ಚಿಕ್ಕವ್ವ. ಅಲ್ಲಿ ರೂಮಲ್ಲಿ ಒಬ್ಳೇ ಕೂತಾಗ" ಎಂದು ಆಗ ಕೇಳಿಕೊಂಡಿದ್ದಳು. ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಗುಂಪಿನೊಳಗೆ ಬಂದ ವಾರದಲ್ಲೇ ಕಟ್ಟೆಯ ಹದಿನೈದು ವರ್ಷದ ಮಾತನ್ನೆಲ್ಲ ಅವಳು ತನ್ನ ಸಂಶೋಧನಾ ಕೇಂದ್ರದ ಯಂತ್ರಕ್ಕೆ ತುಂಬಿದ್ದಳು.

ಆ ಯಂತ್ರದ ತತ್ವ ತಿಳಿಯಲು ಕಷ್ಟವೇನಿಲ್ಲ. ಒಂದು ಗುಂಪಿನ ಜನ ವರ್ಷಗಟ್ಟಲೆ ಆಡಿದ ಮಾತನ್ನು ಅದಕ್ಕೆ ಕೊಟ್ಟರೆ, ಯಾವ ಮಾತಿಗೆ ಯಾವ ಮಾತು ಬರುತ್ತದೆ, ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಮುನಿಯುತ್ತಾರೆ ಎಂಬುದನ್ನೆಲ್ಲ ಅರೆದು ಕಲಸಿ, ಎಲ್ಲೂ ಹುಟ್ಟದ ಒಬ್ಬ ಮನುಷ್ಯನನ್ನು ಮಾಡಿ ಕೂರಿಸುತ್ತದೆ. ಜನರ ಬಳಿ ಹೊಸದೊಂದನ್ನು ಕೊಂಡೊಯ್ಯುವ ಮುಂಚೆ ಈ ಮನುಷ್ಯನಿಗೆ ಹೇಳಿ ನೋಡಬಹುದು. ಇವನು ಹೇಗೆ ಉತ್ತರಿಸುತ್ತಾನೋ ನಾಳೆ ಜನ ಹಾಗೇ ಉತ್ತರಿಸುತ್ತಾರೆ. ಕರಾವಳಿಯ ಬಲೆಗಾರರ ಗುಂಪಿನಿಂದ ಒಬ್ಬನನ್ನು ಮಾಡಿ, ದೋಣಿಗೆ ಹೊಸ ದೀಪ ತರುವ ಮುಂಚೆ ಅವನನ್ನು ಕೇಳಿದ್ದರು. ಅವನು ಬೇಡವೆಂದ, ಆಮೇಲೆ ಬಲೆಗಾರರೂ ಬೇಡವೆಂದರು. ಅಂದಿನಿಂದ ಕೇಂದ್ರದಲ್ಲಿ ಯಂತ್ರದ ಮಾತಿಗೆ ಬೆಲೆ ಬಂದಿತ್ತು.

ಈಗ ಕೇಂದ್ರದ ಕೈಯಲ್ಲಿ ಹೊಸ ಹುಳುವೊಂದಿತ್ತು. ಸೊಪ್ಪು ಬೇಡ. ಕಾರ್ಖಾನೆಯಲ್ಲಿ ಮಾಡಿದ ಹಸಿರು ಹಿಟ್ಟನ್ನು ಕಲಸಿ ಇಟ್ಟರೆ ಮುಚ್ಚಿದ ಬೀರುವಿನೊಳಗೆ ತಾನೇ ತಿಂದು ಬಿಳಿ ಗೂಡು ಕಟ್ಟುತ್ತದೆ. ಜನ ಒಪ್ಪುತ್ತಾರೆಂದು ವರದಿ ಬಂದರೆ, ಬರುವ ವರ್ಷದಿಂದ ಆ ಸೀಮೆಯವರು ಈಗ ಸಾಕುತ್ತಿದ್ದ ಹಳದಿ ಗೂಡಿನ ಹುಳುವಿನ ಮೊಟ್ಟೆ ಕೊಡುವುದನ್ನು ನಿಲ್ಲಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಎರಡು ಬಗೆಯ ಮೊಟ್ಟೆ ಇಡಿಸುವ ಖರ್ಚು ಯಾರಿಗೂ ಬೇಕಿರಲಿಲ್ಲ. ವರದಿ ಬರೆಯಬೇಕಾದವಳು ವನಮಾಲ, ಶುಕ್ರವಾರದೊಳಗೆ.

ಸೋಮವಾರ ಬೆಳಿಗ್ಗೆ ಯಂತ್ರದ ಮುಂದೆ ನಾಲ್ಕಾರು ಜನ ಸೇರಿದರು. ವಿಭಾಗದ ಮುಖ್ಯಸ್ಥ ಇಂದುಶೇಖರ್ ಮೆತ್ತಗಿನ ಮನುಷ್ಯ. ತಾನು ಹಳ್ಳಿ ನೋಡಿದವನಲ್ಲವೆಂಬ ಅಳುಕು ಅವನಿಗೆ ಯಾವಾಗಲೂ ಇತ್ತು. ಕಟ್ಟೆಯ ಮಾತಿನಿಂದ ಯಂತ್ರ ಮಾಡಿ ಕೂರಿಸಿದವಳಿಗೆ ಅವನೇ ಹಿರಿಯಕ್ಕ ಎಂದು ಹೆಸರಿಟ್ಟಿದ್ದ.

"ನಮಸ್ಕಾರ ಅಕ್ಕ. ಈ ಸಲ ಬೆಳೆ ಹೇಗಿದೆ?"

"ಏನ್ ಬೆಳೆನಪ್ಪ" ಎಂದಳು ಹಿರಿಯಕ್ಕ. ಆ ದನಿಯಲ್ಲಿ ಹೊನ್ನಗಂಗಮ್ಮನ ಎಳೆತ, ರೇವಮ್ಮನ ಒರಟು, ಇನ್ಯಾರದೋ ಕೆಮ್ಮು ಎಲ್ಲ ಇದ್ದವು. "ಕೈಗೆ ಹತ್ತಾಕಿಲ್ಲ. ವರ್ಸ ವರ್ಸ ಇದೇ ಗೋಳು. ನಮ್ಮ ಹಣೇಲಿ ಬರ್ದಿದ್ದು ತಿಪ್ಪೆಗೆ ಸುರಿಯೋದೊಂದೇ."

"ಸೊಪ್ಪೇ ಬೇಡದ ಹುಳ ಕೊಟ್ಟರೆ?"

"ತಕ್ಕೊಂಬನ್ನಿ ಸ್ವಾಮಿ. ಇವನ್ನ ಕಟ್ಕೊಂಡು ಏನ್ ಉದ್ಧಾರ ಆದೋ."

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ವನಮಾಲ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಇಂದುಶೇಖರನ ಮೇಜಿನ ಬಳಿ ನಿಂತಳು.

"ಸರ್, ಬೆಳೆ ಚೆನ್ನಾಗಿರುವಾಗಲೇ ಅವರು ಹಾಗೆ ಹೇಳೋದು. ದೃಷ್ಟಿಯಾಗುತ್ತೆ ಅಂತ."

"ಯಾವಾಗಲೂ?"

"ನಾನು ಹುಟ್ಟಿದಾಗಿನಿಂದ ಬೇರೆ ಮಾತು ಕೇಳಿಲ್ಲ."

ಅವನು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. "ಹಾಗಾದರೆ ಸುಲಭ. ಯಂತ್ರಕ್ಕೆ ಹೇಳಿಬಿಡಿ. ಗೋಳು ಎಂದರೆ ಸಂತೋಷ ಅಂತ ತಿರುಗಿಸಿ."

ತಿರುಗಿಸಿದರು. ಮಂಗಳವಾರ ಹಿರಿಯಕ್ಕ ನಗುನಗುತ್ತ ಮಾತಾಡಿದಳು. ಆದರೆ ಕಟ್ಟೆಯಲ್ಲಿ ಸುಣ್ಣಕಟ್ಟು ರೋಗದ ಮಾತು ಬಂದಿದ್ದ ವರ್ಷವನ್ನು ಕೇಳಿದಾಗಲೂ ಅದೇ ನಗು. ಸತ್ತ ಹುಳುವನ್ನು ಗುಂಡಿಗೆ ಹಾಕಿದ್ದನ್ನು ಹಬ್ಬದ ಸುದ್ದಿಯಂತೆ ಹೇಳಿದಳು. ಕೇಳಿದವರಿಗೆ ಮುಜುಗರವಾಯಿತು.

"ನಿಜವಾಗಿ ಹೋದಾಗ ಅವರು ಹೇಗೆ ಹೇಳ್ತಾರೆ, ವನಮಾಲ? ಅದಕ್ಕೊಂದು ಗುರುತು ಇರಬೇಕಲ್ಲ" ಎಂದ ಇಂದುಶೇಖರ್.

ಮಧ್ಯಾಹ್ನವೆಲ್ಲ ಅವಳು ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಹಳೆಯ ಕಟ್ಟೆಯನ್ನು ಕೇಳಿದಳು. ಮೊದಮೊದಲ ವರ್ಷಗಳಲ್ಲಿ ರೇವಮ್ಮನಿಗೆ ಗುಂಡಿ ಒತ್ತಲು ಬರುತ್ತಿರಲಿಲ್ಲ. ಹುಡುಗಿ ವನಮಾಲಳೇ ಫೋನು ಹಿಡಿದು, "ನಮ್ಮ ಚಿಕ್ಕವ್ವ ಹೇಳ್ತಾಳೆ, ಚಂದ್ರಿಕೆ ಎರವಲು ಕೊಡೋರು ಯಾರಾದ್ರೂ ಇದ್ದೀರಾ ಅಂತ" ಎಂದು ಒದರುತ್ತಿದ್ದಳು. ಹಿಂದಿನಿಂದ ರೇವಮ್ಮ, "ಹಂಗಲ್ಲ ಕಣೆ, ಮೆತ್ತಗೆ ಕೇಳು" ಎನ್ನುತ್ತಿದ್ದಳು. ಹೊರಗೆ ಕೋಳಿ ಕೂಗುತ್ತಿತ್ತು. ಆ ಕೋಳಿಯ ಬಣ್ಣವೂ ಅವಳಿಗೆ ನೆನಪಾಯಿತು. ಹುಳು ಗೂಡು ಕಟ್ಟುವ ಆ ಬಿದಿರಿನ ಚಂದ್ರಿಕೆ ಬಂದ ಸಂಜೆ ಮಾಡಿದ ಹಸಿ ಅವರೆಕಾಳಿನ ಉಪ್ಪಿಟ್ಟು, ಗೂಡು ಬಿಡಿಸುವಾಗ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಹಳದಿ ನವಿರು. ಆಗ ಕಟ್ಟೆ ತುಂಬಿ ತುಳುಕುತ್ತಿತ್ತು. ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು.

ಹುಡುಕುತ್ತಿದ್ದದ್ದು ಸಿಕ್ಕಿತು. ಒಂದು ಚಳಿಗಾಲ ಹೊನ್ನಗಂಗಮ್ಮನ ಹುಳುವೆಲ್ಲ ಹಾಲುತೊಂಡೆ ರೋಗಕ್ಕೆ ಹೋದದ್ದು ಅವಳಿಗೆ ನೆನಪಿತ್ತು. ಆ ವಾರ ದಿನವೂ ಮಾತಾಡುತ್ತಿದ್ದ ಹೊನ್ನಗಂಗಮ್ಮನ ದನಿಯೇ ಇರಲಿಲ್ಲ. ಏನಾಯಿತೆಂದು ಯಾರೂ ಕೇಳಲಿಲ್ಲ. ಅದರ ಬದಲು ಉಳಿದವರು ಸಾರಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಜಗಳ ತೆಗೆದರು. ನಡುವೆ ಯಾರೋ, ತನ್ನ ತೋಟದಲ್ಲಿ ಸೊಪ್ಪು ಬಲಿತು ಹಾಳಾಗುತ್ತಿದೆ, ಮುಂದಿನ ಬೆಳೆಗೆ ಬೇಕಾದವರು ಕೊಯ್ದುಕೊಳ್ಳಲಿ ಎಂದು ಯಾರಿಗೂ ಅಲ್ಲವೆಂಬಂತೆ ಅಂದರು. ಜಗಳ ಇನ್ನೂ ನಡೆದೇ ಇತ್ತು. ಒಂದು ಬೆಳಿಗ್ಗೆ ಹೊನ್ನಗಂಗಮ್ಮನ ದನಿ ಬಂತು: "ಬೆಳ್ಳುಳ್ಳಿ ಜಾಸ್ತಿ ಹಾಕ್ಬಾರದು ಕಣ್ರೇ. ಸಾರು ಕಮಟ್ಲು ಹೊಡೀತದೆ."

ವನಮಾಲ ಇಯರ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಗುರುತು ಅದೇ. ಮಾತು ನಿಲ್ಲುವುದು. ಯಂತ್ರಕ್ಕೆ ಇಷ್ಟು ಹೇಳಿಕೊಟ್ಟರೆ ಸಾಕು, ಮೌನವನ್ನೂ ಅದು ಕೇಳಲು ಕಲಿಯುತ್ತದೆ. ಹಿರಿಯಕ್ಕ ಸರಿಯಾಗುತ್ತಾಳೆ. ವರದಿಯೂ ಸರಿಯಾಗುತ್ತದೆ. ಆಮೇಲೆ ಯಾರ ಮನೆ ಯಾವ ವಾರ ಮುರಿಯಿತೆಂದು ಹಿಟ್ಟು ಮಾರುವವರಿಗೆ ತಿಳಿಯುತ್ತದೆ, ತೋಟ ಕೊಳ್ಳಲು ಕಾದಿರುವವರಿಗೂ ತಿಳಿಯುತ್ತದೆ.

"ಗೊತ್ತಾಗ್ತಿಲ್ಲ ಸರ್" ಎಂದಳು ಸಂಜೆ.

ಇಂದುಶೇಖರ್ ವರದಿಯ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡ. "ಹಾಗಾದರೆ ಸೋಮವಾರ ಹಿರಿಯಕ್ಕ ಅಂದ ಮಾತೇ ಮೇಲಕ್ಕೆ ಹೋಗಬೇಕಾಗುತ್ತೆ. ನೀವು ಹೇಳ್ತೀರಿ ಅಂತ ನಾನು ತಡೆಯೋಕಾಗಲ್ಲ. ಅವರೇ ಹೇಳಲಿ. ನಮ್ಮ ಹುಳ ಚೆನ್ನಾಗಿವೆ, ಈ ಮೊಟ್ಟೆಯೇ ಬೇಕು ಅಂತ. ಅವರ ದನಿ ಇದ್ದರೆ ನಾನು ಹೊತ್ತುಕೊಂಡು ಹೋಗ್ತೀನಿ."

"ಅದೊಂದನ್ನ ಅವರು ಹೇಳಲ್ಲ ಸರ್."

"ಕೇಳಿ ನೋಡಿ."

ಬುಧವಾರ ಅವಳು ಊರಿಗೆ ಬಂದಾಗ ಹುಳುಮನೆಯಲ್ಲಿ ರೇವಮ್ಮ ಹಿಕ್ಕೆ ಬಳಿಯುತ್ತಿದ್ದಳು. ವನಮಾಲ ಹೊಸಿಲಾಚೆ ಕೂತು ಎಲ್ಲವನ್ನೂ ಹೇಳಿದಳು. ರೇವಮ್ಮನ ಕೈ ನಿಲ್ಲಲಿಲ್ಲ. ಒಂದು ತಟ್ಟೆ ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು.

"ಎಲ್ಲನೂವಾ? ಹದಿನೈದು ವರ್ಸದ್ದೂ?"

"ಎಲ್ಲನೂ."

"ಸುಬ್ಬಕ್ಕ ತನ್ನ ಗಂಡನ ವಿಷ್ಯ ಹೇಳ್ಕೊಂಡು ಅತ್ತಿದ್ಲಲ್ಲ, ಅದೂ?"

"ಅದೂ ಚಿಕ್ಕವ್ವ."

"ನಮ್ಮೋಳು ಅಂತ ನಾನಂದೆ" ಎಂದಳು ರೇವಮ್ಮ. "ನನ್ನ ಬಾಯಲ್ಲಿ ಅಂದೆ. ಈಗ ಅಲ್ಲಿ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

"ನಾನೇ ಹೇಳ್ತೀನಿ ಚಿಕ್ಕವ್ವ."

"ನೀನೇ ಹೇಳ್ಬೇಕು. ಇನ್ಯಾರು ಹೇಳ್ತಾರೆ?"

ಊಟದ ಹೊತ್ತಿಗೆ, ಕಟ್ಟೆಯಲ್ಲಿ ಜನ ಹೆಚ್ಚಿರುವಾಗ, ವನಮಾಲ ಗುಂಡಿ ಒತ್ತಿದಳು. ತಾನು ಬಂದದ್ದು ಹೇಗೆ, ಮಾಡಿದ್ದೇನು, ಮೊಟ್ಟೆ ನಿಲ್ಲುವ ಸಂಗತಿಯೇನು, ಅವರು ಹೇಳಬೇಕಾದ ಮಾತೇನು, ಎಲ್ಲವನ್ನೂ ಸುತ್ತುಬಳಸದೆ ಹೇಳಿದಳು. ಚಿಕ್ಕವ್ವನಿಗೆ ಇದಾವುದೂ ಗೊತ್ತಿರಲಿಲ್ಲ ಎಂದೂ ಸೇರಿಸಿದಳು.

ಮೊದಲು ಬಂದ ದನಿ ರಾಮನಗರದಲ್ಲಿ ನೂಲು ಬಿಚ್ಚುವ ವಾಜಿದ್ ಸಾಹೇಬರದು. "ನಮ್ಮ ಮನೆಯೋರು ಇಲ್ಲಿ ಮಾತಾಡ್ತಾರಮ್ಮ. ನನ್ನ ತಾಯಿ ಆಸ್ಪತ್ರೇಲಿದ್ದಾಗ ಇಲ್ಲೇ ಮಾತಾಡಿದ್ವಿ. ಅದನ್ನೂ ಆ ಪೆಟ್ಟಿಗೆ ಕೇಳ್ತಾ?"

"ಕೇಳ್ತು ಸಾಬ್ರೇ."

ಆಮೇಲೆ ಮೂವರು ನಾಲ್ವರು ಬೈದರು. ಒಬ್ಬಾಕೆ, "ನಮ್ಮನ್ನೆಲ್ಲ ಅರೆದು ಚಟ್ನಿ ಮಾಡವ್ರಂತಲ್ಲ. ಉಪ್ಪು ಖಾರ ಸರೀಗಿತ್ತಾ ಕೇಳು" ಎಂದಳು. ಯಾರೋ ನಕ್ಕರು. ಹೊನ್ನಗಂಗಮ್ಮನ ದನಿ ಕೊನೆಗೆ ಬಂತು. ಅದು ಈಗ ಸಣ್ಣದಾಗಿತ್ತು.

"ನೀನು ಇಷ್ಟೇ ಇಷ್ಟಿದ್ದಾಗ ಚಂದ್ರಿಕೆ ಕೊಡಿ ಅಂತ ಒದರ್ತಿದ್ಯಲ್ಲ ಮಗ. ನಿನ್ನ ದನಿ ಬಂದ್ರೆ ನಾನು ಒಲೆ ಮುಂದಿಂದ ಎದ್ದು ಬತ್ತಿದ್ದೆ."

ಆಮೇಲೆ ಕಟ್ಟೆಯಲ್ಲಿ ಒಂದು ದನಿಯೂ ಏಳಲಿಲ್ಲ. ಸಂಜೆಯವರೆಗೂ ಇಲ್ಲ. ಯಾರೂ ಸಾರಿನ ಮಾತು ತೆಗೆಯಲಿಲ್ಲ. ಆ ಮೌನ ಏನೆಂದು ವನಮಾಲಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಹೊತ್ತೇರುವಾಗ ರೇವಮ್ಮನ ಹುಳುಗಳಲ್ಲಿ ಮೊದಲನೆಯವು ಹಣ್ಣಾಗಿದ್ದವು. ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಬೆರಳು ಕಾಣುವಂತಿದ್ದವು. ರೇವಮ್ಮ ಅವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ಒರೆಸಿಕೊಂಡು, ಸೆರಗಿನಿಂದ ಫೋನು ಬಿಚ್ಚಿದಳು.

"ಬ್ಯಾಡ ಚಿಕ್ಕವ್ವ" ಎಂದಳು ವನಮಾಲ. "ಇನ್ನೂ ಗೂಡೇ ಕಟ್ಟಿಲ್ಲ. ಮಾರಿದ ಮೇಲಾದ್ರೂ..."

"ಮಾರೋ ಹೊತ್ಗೆ ನಿನ್ನ ಸುಕ್ರವಾರ ಕಳ್ದಿರ್ತದೆ. ಸುಮ್ಕಿರು."

ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡಳು. ಅವಳ ಕಣ್ಣು ತಟ್ಟೆಗಳ ಸಾಲಿನ ಮೇಲೆ ಹರಿದು, ಕ್ಷಮೆ ಕೇಳುವವಳಂತೆ ಕೆಳಗಿಳಿಯಿತು.

"ನಾನು ರೇವಮ್ಮ. ನಮ್ಮ ಹುಳ ಚೆನ್ನಾಗವೆ. ಹೋದ್ಸಲನೂ ಚೆನ್ನಾಗಿದ್ವು. ಇವೇ ಮೊಟ್ಟೆ ಬೇಕು ನಮ್ಗೆ."

ಅಷ್ಟು ಹೇಳಿ ಫೋನನ್ನು ಮಣೆಯ ಮೇಲೆ ಮಗುಚಿ ಹಾಕಿ, ಬೇಗ ಬೇಗ ಹುಳು ಆರಿಸತೊಡಗಿದಳು.

ಬಹಳ ಹೊತ್ತಿನ ಮೇಲೆ ಮಗುಚಿದ ಫೋನಿನಿಂದಲೇ ಹೊನ್ನಗಂಗಮ್ಮನ ದನಿ ಬಂತು. "ನಮ್ಮವೂ ಚೆನ್ನಾಗವೆ. ಶಿವನೇ, ಅಂದ್ಬುಟ್ಟೆ." ಅದರ ಹಿಂದೆ ಇನ್ನೊಂದು. ಒಬ್ಬಳು ಅರ್ಧ ಹೇಳಿ ನಕ್ಕು ಕೆಡಿಸಿ ಮತ್ತೆ ಮೊದಲಿಂದ ಹೇಳಿದಳು. ಮತ್ತೊಬ್ಬಳು ಕಿವಿಗೆ ಬಿದ್ದೂ ಬೀಳದ ಹಾಗೆ ಪಿಸುಗುಟ್ಟಿದಳು, ಹುಳುವಿಗೆ ಕೇಳಿಸೀತೆಂದು. ಮರಿಲಿಂಗಣ್ಣ, "ನನ್ನ ಹುಳ ಬೋ ಚೆನ್ನಾಗವೆ. ಏನಾರ ಆದ್ರೆ ವನಮಾಲ, ನಿಮ್ಮ ಆಪೀಸಿನ ಬಾಗ್ಲಲ್ಲಿ ಚಾಪೆ ಹಾಸ್ಕೊಂಡು ಕೂತ್ಕತೀನಿ" ಎಂದ. ಸಂಜೆ ವಾಜಿದ್ ಸಾಹೇಬರದು ಬಂತು. "ಹಳದಿ ಗೂಡಿನ ನೂಲು ನನ್ನ ಕೈಗೆ ಗೊತ್ತು, ನಮ್ಮಪ್ಪನ ಕೈಗೂ ಗೊತ್ತಿತ್ತು. ಅದು ಉಳೀಬೇಕು. ಈ ಮಾತು ಕಚೇರಿಗೆ. ಆ ಹುಡುಗಿಗೆ ಅಲ್ಲ."

ಶುಕ್ರವಾರ ಇಂದುಶೇಖರ್ ಆ ದನಿಗಳನ್ನು ಮೇಲಿನವರ ಮುಂದೆ ಹಾಕಿದ. ಅವು ಮುಗಿಯುವವರೆಗೂ ಯಾರೂ ಎದ್ದು ಹೋಗಲಿಲ್ಲವಂತೆ. ಹಳದಿ ಗೂಡಿನ ಮೊಟ್ಟೆ ಸದ್ಯಕ್ಕೆ ನಿಲ್ಲಿಸುವುದಿಲ್ಲವೆಂದಾಯಿತು. ಕಟ್ಟೆಯ ಮಾತನ್ನೆಲ್ಲ ಯಂತ್ರದಿಂದ ಅಳಿಸಬೇಕೆಂದು ವನಮಾಲ ಕೇಳಿದಳು. ಅವನೇ ಮುಂದೆ ನಿಂತು ಅಳಿಸಿಸಿದ. ಹಿರಿಯಕ್ಕನ ದನಿ ನಿಂತಾಗ ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ವನಮಾಲ ಆ ಸಂಜೆ ಫೋನು ತೆರೆದು ನೋಡಿದಾಗ ಸೊಪ್ಪಿನ ಕಟ್ಟೆಯೂ ಅಲ್ಲಿರಲಿಲ್ಲ. ಜನ ಎದ್ದು ಬೇರೆಲ್ಲೋ ಹೋಗಿ ಕೂತಿದ್ದರು.

ಗೂಡು ಬಿಡಿಸುವ ದಿನ ಅವಳು ರಜೆ ಹಾಕಿ ಬಂದಳು. ರೇವಮ್ಮನ ಅಂಗಳದಲ್ಲಿ ಚಂದ್ರಿಕೆಗಳು ಹಳದಿಯಾಗಿ ಒರಗಿದ್ದವು. ಬಸ್ಸು ಇಳಿದು ಬರುವಾಗ ಮರಿಲಿಂಗಣ್ಣನ ಹುಳುಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ತೊಳೆದ ತಟ್ಟೆಗಳನ್ನು ಬೋರಲು ಹಾಕಿದ್ದರು. ಅವನ ಹುಳು ಹಣ್ಣಾಗುವ ಮುಂಚೆಯೇ ಸುಣ್ಣ ಕಟ್ಟಿ ಹೋಗಿದ್ದವು. ಆ ವಾರದ ಚಳಿ, ಬಿಡದ ಮಂಜು, ಕೆಟ್ಟು ನಿಂತ ಗೋಡೆಯ ಬಿಲ್ಲೆ: ವನಮಾಲಳಿಗೆ ಕಾರಣ ಗೊತ್ತಿತ್ತು. ಮರಿಲಿಂಗಣ್ಣನಿಗೂ ಒಂದು ಕಾರಣ ಗೊತ್ತಿತ್ತು. ಅವನು ಜಗಲಿಯ ಮೇಲೆ ಕೂತಿದ್ದವನು ಅವಳನ್ನು ಕಂಡು, "ಈಗ ಬಂದ್ಯಾ ಮಗ? ಬಸ್ಸು ಸಿಕ್ತಾ?" ಎಂದಷ್ಟೇ ಕೇಳಿದ.

"ಮರಿಲಿಂಗಣ್ಣನಿಗೆ ನಾನೇನು ಕೊಡ್ಲಿ ಚಿಕ್ಕವ್ವ?" ಎಂದಳು ವನಮಾಲ, ಚಂದ್ರಿಕೆಯ ಮುಂದೆ ಕೂತು.

"ಏನು ಕೊಡ್ತೀಯ? ಕೊಟ್ರೆ ಇಸ್ಕೊಳೋನಾ ಅವ್ನು?"

"ಮತ್ತೆ?"

"ಮತ್ತೇನೂ ಇಲ್ಲ. ಗೂಡು ಬಿಡ್ಸು. ಹಿಸುಕ್ಬೇಡ, ಮೆತ್ತಗೆ."

ಅಷ್ಟರಲ್ಲಿ ರೇವಮ್ಮನ ಹೆಗಲ ಮೇಲೆ ಫೋನು ಗುಯ್‌ಗುಟ್ಟಿತು. ಒಬ್ಬಳ ದನಿ ಅರ್ಧ ಕೇಳಿ ತಟ್ಟನೆ ನಿಂತಿತು. ರೇವಮ್ಮ ಅದರ ಮೇಲೆ ಅಂಗೈ ಮುಚ್ಚಿದ್ದಳು. ವನಮಾಲಳ ಕಡೆ ನೋಡದೆ, "ತೋಟಕ್ಕೆ ನೀರು ಬಿಟ್ಟಿದ್ದೆ, ನೋಡ್ಕಬತ್ತೀನಿ" ಎನ್ನುತ್ತ ಎದ್ದು, ಹಿಪ್ಪುನೇರಳೆ ಸಾಲುಗಳ ಆಚೆ ನಡೆದಳು. ಬೋರಿನ ಮೋಟರು ಬೆಳಿಗ್ಗೆಯಿಂದ ಓಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸೊಪ್ಪಿನ ಆಚೆಯಿಂದ ಮಾತು ಕೇಳಿಸಿತು. ಒಂದು, ಎರಡು, ಹಲವು ದನಿ. ಯಾವುದು ಯಾರದೆಂದು ಗೊತ್ತಾಗುತ್ತಿತ್ತು, ಏನೆನ್ನುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ನಡುವೆ ರೇವಮ್ಮ ಏನೋ ಅಂದಳು. ಎಲ್ಲರೂ ಒಟ್ಟಿಗೆ ನಕ್ಕರು, ಹಳೆಯ ಕಾಲದ ಹಾಗೆ, ಒಬ್ಬರ ಮೇಲೊಬ್ಬರು ಬಿದ್ದು. ವನಮಾಲ ಒಂದು ಗೂಡನ್ನು ಬಿಡಿಸಿ ಕುಕ್ಕೆಗೆ ಹಾಕಿ, ಇನ್ನೊಂದಕ್ಕೆ ಕೈ ಇಟ್ಟಳು.